ಅದೇ ಉಪ್ಪಾಗೆ, ಡಬ್ಬಿಗೆ ಹೋದ್ಮೇಲೆ ಬೇರೆ

ಈ ಸಲ ಪತ್ರಗಳ ಕಟ್ಟು ಬಿಚ್ಚಿ ನೋಡ್ತೀನಿ, ಅರ್ಧಕ್ಕಿಂತ ಜಾಸ್ತಿ ಹುಳಿ ಹಣ್ಣಿನ ಮೇಲೇ ಇದಾವೆ. ಉಪ್ಪಾಗೆ, ಕೋಕಮ್, ಬಿಂಬುಳಿ, ಜೊತೆಗೆ ಒಂದು ನೋನಿ. ಮೇ ತಿಂಗಳಲ್ಲಿ ಊರಿಗೆ ಹೋಗಿ ಬಂದವರ ಬ್ಯಾಗಲ್ಲಿ ಒಣಗಿದ ಸಿಪ್ಪೆ ಪೊಟ್ಟಣ ಇದ್ದೇ ಇರುತ್ತೆ, ಜೂನ್‌ನಲ್ಲಿ ಮುಂಬೈ ಮಳೆ ಹಿಡಿದ್ಮೇಲೆ ವಾಕಿಂಗ್ ನಿಂತು ಹೊಟ್ಟೆ ಮುಂದೆ ಬರುತ್ತೆ, ಎರಡೂ ಸೇರಿ ಎಲ್ರಿಗೂ ಒಟ್ಟಿಗೇ ಇದೇ ಯೋಚನೆ ಬರುತ್ತೆ ಅನ್ಸುತ್ತೆ. ಎಲ್ಲದಕ್ಕೂ ಜಾಗ ಇಲ್ಲ, ಒಂದೇ ತರದ್ದನ್ನ ಸೇರಿಸಿ ಬರ್ದಿದೀನಿ. ಹೆಸರು ಹಾಕ್ಬೇಡಿ ಅಂತ ಸುಮಾರು ಜನ ಕೇಳ್ಕೊಂಡಿದಾರೆ, ಹಾಗಾಗಿ ಊರು ಮಾತ್ರ.

ಪ್ರಶ್ನೆ: ನಮ್ಮೆಜಮಾನ್ರಿಗೆ 48 ವರ್ಷ, ತೂಕ 93 ಕೆಜಿ. ಶುಗರ್‌ಗೆ ಎರಡು ಮಾತ್ರೆ, ಬಿಪಿಗೆ ಒಂದು ನಡೀತಾ ಇದೆ. ಆಫೀಸ್‌ನ ಫ್ರೆಂಡ್ ಹೇಳಿದ್ರು ಅಂತ ಗಾರ್ಸೀನಿಯಾ ಕ್ಯಾಂಬೋಜಿಯಾ ಅನ್ನೋ ಕ್ಯಾಪ್ಸೂಲ್ ಆನ್‌ಲೈನ್‌ನಲ್ಲಿ ತರಿಸಿದಾರೆ. ಡಬ್ಬಿ ಮೇಲೆ ಪುಟ್ಟ ಹಳದಿ ಕುಂಬಳಕಾಯಿ ತರದ ಹಣ್ಣಿನ ಚಿತ್ರ, ನೂರಕ್ಕೆ ನೂರು ನ್ಯಾಚುರಲ್ ಅಂತ ಬರ್ದಿದೆ. ಹಣ್ಣಿಂದ ಮಾಡಿದ್ದು ತಾನೇ, ಏನಾಗುತ್ತೆ ಅಂತಾರೆ. ತಗೋಬಹುದಾ? (ಮುಲುಂಡ್)

ಮೊದ್ಲು ಆ ಡಬ್ಬಿ ಎತ್ತಿಡಿ, ಆಮೇಲೆ ಮುಂದಕ್ಕೆ ಓದಿ. ಶುಗರ್ ಮಾತ್ರೆ ನಡೀತಿರೋವಾಗ ಅದನ್ನ ಡಾಕ್ಟರ್‌ನ ಕೇಳ್ದೆ ಶುರು ಮಾಡೋದೇ ಬೇಡ, ಎರಡೂ ಸೇರಿ ಶುಗರ್ ಕೆಳಗಿಳಿದು ಲೋಕಲ್ ಟ್ರೈನಲ್ಲಿ ನಿಂತಲ್ಲೇ ಬೆವರಿ ಕುಸಿದ್ರೆ ಯಾರು ನೋಡ್ತಾರೆ.

ಈಗ ಆ ಹಳದಿ ಕುಂಬಳಕಾಯಿ. ಅದು ಕುಂಬಳಕಾಯಿ ಅಲ್ಲ, ನಮ್ಮ ಉಪ್ಪಾಗೆ! ಉತ್ತರ ಕನ್ನಡ, ಶಿವಮೊಗ್ಗ, ಕೊಡಗಿನ ಕಡೆಯವರು ಆ ಚಿತ್ರ ನೋಡಿದ ತಕ್ಷಣ ಗುರುತು ಹಿಡೀತೀರಿ. ಕೊಡಗಿನವರ ಪಂದಿ ಕರಿಗೆ ಬೀಳೋ ಕಪ್ಪು ಕಾಚಂಪುಳಿ ಇದೇ ಹಣ್ಣಿಂದು, ಕೇರಳದವರು ಮೀನು ಸಾರಿಗೆ ಹಾಕೋ ಕುಡಂಪುಳಿನೂ ಇದೇ. ವಿಜ್ಞಾನಿಗಳು ಈಗ ಇದಕ್ಕೆ ಗಾರ್ಸೀನಿಯಾ ಗಮ್ಮಿ-ಗುಟ್ಟಾ ಅಂತಾರೆ, ಡಬ್ಬಿ ಮಾಡೋರು ಮಾತ್ರ ಕ್ಯಾಂಬೋಜಿಯಾ ಅನ್ನೋ ಹಳೇ ಹೆಸರು ಬಿಟ್ಟಿಲ್ಲ, ಕೇಳೋಕೆ ಫಾರಿನ್ ತರ ಇದ್ಯಲ್ಲ ಅದಕ್ಕೆ. ಉಪ್ಪಾಗೆ ಕ್ಯಾಪ್ಸೂಲ್ ಅಂತ ಬರೆದ್ರೆ ನಮ್ಮೂರಲ್ಲಿ ಒಬ್ರೂ ದುಡ್ಡು ಕೊಡಲ್ಲ.

ನಾನು ಶಿರಸಿ ಕಡೆಯವಳು. ಉಪ್ಪಾಗೆ ಹಣ್ಣಾಗೋದು ಸರೀ ಮಳೆಗಾಲದಲ್ಲಿ, ಬಿಸಿಲಿಗೆ ಒಣಗಿಸೋ ಮಾತೇ ಇಲ್ಲ, ಒಲೆ ಮೇಲೆ ಅಟ್ಟ ಕಟ್ಟಿ ಹೊಗೆಗೆ ಹಾಕ್ಬೇಕು. ಕಂಬಳಿ ಕೊಪ್ಪೆ ಹಾಕ್ಕೊಂಡು ಕಾಡಿಂದ ಆರಿಸ್ಕೊಂಡು ಬರೋರು, ರಾತ್ರಿ ಎಲ್ಲಾ ಕೂತು ಹಣ್ಣು ಒಡೆದು ಬೀಜ ಬೇರೆ ಸಿಪ್ಪೆ ಬೇರೆ ಮಾಡೋದು, ಬೆಳಗ್ಗೆ ನೋಡಿದ್ರೆ ಉಗುರಿನ ಸಂದಿ ಎಲ್ಲಾ ಕಪ್ಪು, ಸಣ್ಣ ಗಾಯ ಇದ್ರಂತೂ ಹುಳಿ ತಾಗಿ ಜೀವ ಹೋಗೋದು. ಬೀಜದಿಂದ ತುಪ್ಪ ಬರೋದು, ಬಿಸಿ ದೋಸೆ ಮೇಲೆ ಹಾಕಿದ್ರೆ ಕರಗೋದು. ಸಿಪ್ಪೆಗೆ ಮೊದ್ಲು ಅಂಥ ಬೆಲೆ ಇರ್ಲಿಲ್ಲ, ಆಮೇಲೆ ಒಂದು ವರ್ಷ ವ್ಯಾಪಾರಿಗಳು ಹುಡುಕ್ಕೊಂಡು ಮನೆ ಬಾಗ್ಲಿಗೇ ಬಂದ್ರು. ಫಾರಿನ್‌ಗೆ ಹೋಗುತ್ತಂತೆ, ದಪ್ಪ ಇರೋರು ಸಣ್ಣ ಆಗ್ತಾರಂತೆ ಅಂತ ದೊಡ್ಡಪ್ಪ ಹೇಳಿ ನಕ್ಕಿದ್ದು ನೆನಪಿದೆ, ಯಾಕಂದ್ರೆ ದಿನಾ ಉಪ್ಪಾಗೆ ತಿನ್ನೋ ಅವರೇ ನಮ್ಮನೇಲಿ ಎಲ್ಲರಿಗಿಂತ ದಪ್ಪ.

ಅದು ಹೋಗಿದ್ದು ಯಾಕೆ ಅಂದ್ರೆ ಸಿಪ್ಪೇಲಿರೋ ಹುಳಿಗೆ. ಆ ಹುಳಿ ಏನು ಅಂತ ಮೊದ್ಲು ಸರಿಯಾಗಿ ಕಂಡುಹಿಡಿದದ್ದೂ ನಮ್ಮ ಮೈಸೂರಲ್ಲೇ, ಸಿಎಫ್‌ಟಿಆರ್‌ಐ ಅನ್ನೋ ಆಹಾರ ಸಂಶೋಧನಾ ಸಂಸ್ಥೇಲಿ. ಅಲ್ಲೀವರೆಗೆ ಅದನ್ನ ಹುಣಸೆ ಹುಳಿ ತರದ್ದು, ನಿಂಬೆ ಹುಳಿ ತರದ್ದು ಅಂತ ತಿಳ್ಕೊಂಡಿದ್ರು. ಅದು ಬೇರೆನೇ, ಹೈಡ್ರಾಕ್ಸಿಸಿಟ್ರಿಕ್ ಆಸಿಡ್ ಅಂತ 1965ರಲ್ಲಿ ಲೂಯಿಸ್ ಮತ್ತು ನೀಲಕಂಠನ್ ಅನ್ನೋ ಇಬ್ಬರು ತೋರಿಸಿಕೊಟ್ರು. ಡಬ್ಬಿ ಮೇಲೆ ಎಚ್‌ಸಿಎ ಅಂತ ಇರೋದು ಇದೇ.

ಇದರ ಕೆಲ್ಸ ಹೀಗೆ. ನಾವು ಅನ್ನ, ಚಪಾತಿ, ಸಕ್ಕರೆ ಜಾಸ್ತಿ ತಿಂದಾಗ ಮಿಕ್ಕಿದ್ದನ್ನ ದೇಹ ಕೊಬ್ಬು ಮಾಡಿ ಇಡುತ್ತೆ. ಆ ಕೆಲ್ಸಕ್ಕೆ ಒಂದು ಎನ್‌ಜೈಮ್ ಬೇಕು, ಎಚ್‌ಸಿಎ ಹೋಗಿ ಆ ಎನ್‌ಜೈಮ್‌ನ ಕಟ್ಟಿ ಹಾಕುತ್ತೆ. ಇಲಿಗಳಲ್ಲಿ ಇದು ಚೆನ್ನಾಗೇ ನಡೀತು. ಆದ್ರೆ ನಾವು ಇಲಿ ಅಲ್ವಲ್ಲ, ನಮ್ಮ ಹೊಟ್ಟೆ ಮೇಲಿರೋ ಕೊಬ್ಬಲ್ಲಿ ಹೆಚ್ಚಿನ ಪಾಲು ಸಕ್ಕರೆಯಿಂದ ಹೊಸದಾಗಿ ತಯಾರಾದದ್ದಲ್ಲ, ವಡಾಪಾವ್ ಎಣ್ಣೆ, ತುಪ್ಪ, ಫರ್ಸಾಣ್‌ನಿಂದ ಸೀದಾ ಬಂದು ಕೂತದ್ದು. ಆ ಬಾಗಿಲಿಗೆ ಈ ಬೀಗ ಹತ್ತಲ್ಲ.

1998ರಲ್ಲಿ ನ್ಯೂಯಾರ್ಕ್‌ನಲ್ಲಿ ಇದನ್ನ ಸರಿಯಾಗಿ ಪರೀಕ್ಷೆ ಮಾಡಿದ್ರು. ದಪ್ಪ ಇರೋ 135 ಜನ, 12 ವಾರ, ಎಲ್ರಿಗೂ ಒಂದೇ ತರ ಕಮ್ಮಿ ಊಟ, ಅರ್ಧ ಜನಕ್ಕೆ ದಿನಕ್ಕೆ 1500 ಮಿಲಿಗ್ರಾಂ ಎಚ್‌ಸಿಎ, ಉಳಿದ ಅರ್ಧಕ್ಕೆ ನೋಡೋಕೆ ಹಾಗೇ ಇರೋ ಸುಳ್ಳು ಕ್ಯಾಪ್ಸೂಲ್. ನಿಜವಾದದ್ದು ತಗೊಂಡವರು ಸರಾಸರಿ 3.2 ಕೆಜಿ ಇಳಿದ್ರು. ಸುಳ್ಳು ಕ್ಯಾಪ್ಸೂಲ್‌ನವರು 4.1 ಕೆಜಿ ಇಳಿದ್ರು! ಲೆಕ್ಕದ ಪ್ರಕಾರ ಇಬ್ಬರ ಮಧ್ಯೆ ವ್ಯತ್ಯಾಸ ಇಲ್ಲ ಅಂತ ತೀರ್ಮಾನ ಆಯ್ತು, ಇಳಿಸಿದ್ದು ಊಟ, ಕ್ಯಾಪ್ಸೂಲ್ ಅಲ್ಲ. ಆಮೇಲೆ 2011ರಲ್ಲಿ ಇಂಥ ಹಲವು ಪರೀಕ್ಷೆಗಳನ್ನ ಒಟ್ಟು ಹಾಕಿ ನೋಡಿದಾಗ ಸುಮಾರು 0.88 ಕೆಜಿ ವ್ಯತ್ಯಾಸ ಸಿಕ್ತು. ಮುಕ್ಕಾಲು ಕಿಲೋಗಿಂತ ಚೂರು ಮೇಲೆ. ಅದು ನಮ್ಮೆಜಮಾನ್ರು ಗಣಪತಿ ಹಬ್ಬದ ಒಂದೇ ದಿನದಲ್ಲಿ ಏರಿಸ್ಕೊಳ್ಳೋ ತೂಕ.

ಬರೀ ದುಡ್ಡು ದಂಡ ಅಂತಿದ್ರೆ ನಾನು ಇಷ್ಟುದ್ದ ಬರೀತಿರ್ಲಿಲ್ಲ, ಹೋಗ್ಲಿ ಬಿಡಿ ಅಂತಿದ್ದೆ. ಭಯ ಇರೋದು ಲಿವರ್ ವಿಷ್ಯದಲ್ಲಿ. 2009ರ ಮೇನಲ್ಲಿ ಆಹಾರ, ಔಷಧಿ ಮೇಲೆ ಕಣ್ಣಿಡೋ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ಅಲ್ಲಿನ ಒಂದು ಹೆಸರುವಾಸಿ ತೂಕ ಇಳಿಸೋ ಸಪ್ಲಿಮೆಂಟನ್ನ ಕೂಡ್ಲೇ ನಿಲ್ಲಿಸಿ ಅಂತ ಜನರಿಗೆ ಹೇಳ್ತು, ಲಿವರ್ ಕೆಟ್ಟ 23 ರಿಪೋರ್ಟ್ ಬಂದಿತ್ತು, ಒಬ್ರು ಸತ್ತಿದ್ರು. ಅದರಲ್ಲಿ ಗಾರ್ಸೀನಿಯಾ ಜೊತೆ ಬೇರೆ ಸಾಮಾನೂ ಇತ್ತು, ಯಾವುದು ಕಾರಣ ಅಂತ ಆಗ ಬೆರಳಿಟ್ಟು ತೋರಿಸೋಕೆ ಆಗ್ಲಿಲ್ಲ. ಆದ್ರೆ ಆಮೇಲೆ ಬರೀ ಗಾರ್ಸೀನಿಯಾ ತಗೊಂಡವರಲ್ಲೂ ಅದೇ ಆಯ್ತು, ಲಿವರ್ ಬದಲಾಯಿಸೋ ತನಕ ಹೋದ ಕೇಸುಗಳೂ ದಾಖಲಾಗಿವೆ. ಎಲ್ರಿಗೂ ಆಗುತ್ತೆ ಅಂತಲ್ಲ, ಅಪರೂಪ. ಒಂದು ತರದ ಜೀನ್ ಇರೋರಿಗೆ ಅಪಾಯ ಜಾಸ್ತಿ ಅಂತ ಈಗ ಗೊತ್ತಾಗಿದೆ, ಆದ್ರೆ ನಿಮ್ಮೆಜಮಾನ್ರಲ್ಲಿ ಅದಿದ್ಯಾ ಇಲ್ವಾ ಅಂತ ಮುಖ ನೋಡಿ ಹೇಳೋಕಾಗಲ್ಲ.

ಈಗಾಗ್ಲೇ ಕೆಲವು ದಿನ ತಗೊಂಡಿದ್ರೆ ಗಾಬರಿ ಬೇಡ, ನಿಲ್ಲಿಸಿ, ಕಣ್ಣಿಡಿ. ಕಣ್ಣಿನ ಬಿಳಿ ಹಳದಿ ಆಗೋದು, ಮೂತ್ರ ಕಡು ಚಹಾ ಬಣ್ಣಕ್ಕೆ ಬರೋದು, ಊಟ ಬೇಡ ಅನ್ಸೋದು, ವಾಕರಿಕೆ, ಮೈಯೆಲ್ಲಾ ತುರಿಕೆ, ಇದರಲ್ಲಿ ಏನೇ ಕಂಡ್ರೂ ಅವತ್ತೇ ಡಾಕ್ಟರ್ ಹತ್ರ ಹೋಗಿ ಲಿವರ್ ಟೆಸ್ಟ್ ಮಾಡಿಸಿ, ಹೋಗೋವಾಗ ಡಬ್ಬಿ ಕೈಯಲ್ಲೇ ಇರ್ಲಿ. ಸುಮಾರು ಜನ ಡಾಕ್ಟರ್ ಏನು ತಗೋತೀರಿ ಅಂದ್ರೆ ಶುಗರ್ ಮಾತ್ರೆ ಹೆಸರು ಹೇಳ್ತಾರೆ, ಇದನ್ನ ಹೇಳೋದೇ ಇಲ್ಲ, ಇದು ಔಷಧಿ ಅಲ್ವಲ್ಲ ಅಂತ. ಡಿಪ್ರೆಶನ್ ಮಾತ್ರೆ ತಗೊಳ್ಳೋರು, ಬಸುರಿ ಬಾಣಂತಿಯರು, ಮೊದ್ಲೇ ಲಿವರ್ ತೊಂದ್ರೆ ಇರೋರು ಇದರ ಹತ್ರಾನೇ ಹೋಗ್ಬಾರ್ದು.

ಡಬ್ಬಿ ಮೇಲೆ ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 14 ಅಂಕಿ ನಂಬರ್ ಇದ್ಯಲ್ಲ ಅಂತ ಕೇಳ್ತೀರಿ. ಆ ನಂಬರ್ ಅಂದ್ರೆ ಮಾಡೋನಿಗೆ ಆಹಾರದ ಲೈಸೆನ್ಸ್ ಇದೆ ಅಂತ, ಅಷ್ಟೇ. ತೂಕ ಇಳಿಯುತ್ತೆ ಅಂತ ಯಾರೂ ಸರ್ಟಿಫಿಕೇಟ್ ಕೊಟ್ಟಿಲ್ಲ. ಡಬ್ಬಿ ತಿರುಗಿಸಿ ಸಣ್ಣ ಅಕ್ಷರ ಓದಿ, ಔಷಧಿಯಾಗಿ ಬಳಸೋಕಲ್ಲ ಅಂತ ಅಲ್ಲೇ ಇರುತ್ತೆ, ಕನ್ನಡಕ ಬೇಕಾಗುತ್ತೆ ಅಷ್ಟೇ.

ಒಂದು ನಾಚಿಕೆ ವಿಷ್ಯ ಹೇಳ್ಬಿಡ್ತೀನಿ. ಎರಡನೇ ಮಗು ಆದ್ಮೇಲೆ ನಾನೂ ಇದನ್ನ ಎರಡು ತಿಂಗ್ಳು ನುಂಗಿದೀನಿ. ಡಯಟಿಷಿಯನ್ ಆಗಿ! ಪರಿಚಯದೋರೊಬ್ರು ಮಾರ್ತಿದ್ರು, ಮುಖ ನೋಡಿ ಬೇಡ ಅನ್ನೋಕಾಗ್ಲಿಲ್ಲ, ಒಳಗೊಳಗೇ ಆಸೆನೂ ಇತ್ತು. ಹೊಟ್ಟೆ ಕೆಟ್ಟದ್ದು ಬಿಟ್ರೆ ಏನೂ ಆಗ್ಲಿಲ್ಲ, ತೂಕ ಇದ್ದಲ್ಲೇ. ಒಂದಿನ ಸಿಟ್ಟಲ್ಲಿ ಒಂದು ಕ್ಯಾಪ್ಸೂಲ್ ಬಿಚ್ಚಿ ಸ್ಟೀಲ್ ತಟ್ಟೆಗೆ ಸುರಿದೆ. ಮಾಸಲು ಬಿಳಿ ಪುಡಿ, ಬೆರಳಿಗೆ ಹತ್ತಿಸಿ ನಾಲಿಗೆಗಿಟ್ರೆ ಸೀಮೆಸುಣ್ಣ ನೆಕ್ಕಿದ ಹಾಗೆ, ಹುಳಿ ಹೆಸರಿಗೂ ಇಲ್ಲ, ಹೊಗೆ ವಾಸನೆನೂ ಇಲ್ಲ. ಪಕ್ಕದ ಭರಣೀಲಿ ಅಮ್ಮ ಕಳಿಸಿದ ಉಪ್ಪಾಗೆ ಸಿಪ್ಪೆ ಇತ್ತು, ಮುಚ್ಚಳ ತೆಗೆದ್ರೆ ಸಾಕು ಬಾಯಲ್ಲಿ ನೀರು.

ಹಾಗಾದ್ರೆ ಸಾರಿಗೆ ಉಪ್ಪಾಗೆ ಹಾಕೋದೂ ಬೇಡ್ವಾ ಅಂತ ಕೇಳ್ಬೇಡಿ, ಧಾರಾಳವಾಗಿ ಹಾಕಿ. ನಾಲ್ಕು ಜನರ ಸಾರಿಗೆ ಎರಡು ಮೂರು ಚೂರು ಹಾಕಿ, ಕುದಿಸಿ, ಚೂರು ತೆಗೆದು ಬಿಸಾಕಿ, ಅದೂ ವಾರಕ್ಕೆ ಎರಡು ಸಲ ತಿನ್ನೋದು ಒಂದು ಲೆಕ್ಕ. ಅದೇ ಹುಳಿನ ಬೇರೆ ಮಾಡಿ, ಗಟ್ಟಿ ಮಾಡಿ, ಖಾಲಿ ಹೊಟ್ಟೇಲಿ ದಿನಕ್ಕೆ ಮೂರು ಸಲ ತಿಂಗಳಗಟ್ಟಲೆ ನುಂಗೋದು ಬೇರೆ ಲೆಕ್ಕ. ಯಜಮಾನ್ರಿಗೆ ರಾತ್ರಿ ಅನ್ನ ಅರ್ಧಕ್ಕೆ ಇಳಿಸಿ, ಆಫೀಸಿಂದ ಬರೋವಾಗ ಸ್ಟೇಷನ್‌ನಿಂದ ರಿಕ್ಷಾ ಬಿಟ್ಟು ನಡ್ಕೊಂಡು ಬರೋಕೆ ಹೇಳಿ. ಬೋರಿಂಗ್ ಸಲಹೆ, ಗೊತ್ತು.

ಪ್ರಶ್ನೆ: ನಮ್ಮ ಚಾಳ್ ಹಿಂದೆ ಒಂದು ಬಿಂಬುಳಿ ಮರ ಇದೆ, ಈ ವರ್ಷ ಬುಡದಿಂದ ತುದಿವರೆಗೆ ಕಾಯಿ. ಕೊಲೆಸ್ಟ್ರಾಲ್‌ಗೆ ಒಳ್ಳೇದು ಅಂತ ವಾಟ್ಸಾಪ್‌ನಲ್ಲಿ ನೋಡಿ ನಮ್ಮ ಭಾವ ದಿನಾ ಬೆಳಗ್ಗೆ ಖಾಲಿ ಹೊಟ್ಟೆಗೆ ಮಿಕ್ಸಿಯಲ್ಲಿ ರುಬ್ಬಿ ಒಂದು ಗ್ಲಾಸ್ ರಸ ಕುಡೀತಿದಾರೆ. ಮಂಗಳೂರಲ್ಲಿ ನಾವು ಚಟ್ನಿ, ಉಪ್ಪಿನಕಾಯಿಗೆ ಮಾತ್ರ ಹಾಕ್ತಿದ್ವಿ. ಒಳ್ಳೇದಾ? (ಭಾಂಡುಪ್)

ಇವತ್ತೇ ನಿಲ್ಲಿಸಿ. ಈ ಪತ್ರಿಕೆ ನಿಮ್ಮ ಕೈಗೆ ಸಿಗೋದು ತಡ ಆಗುತ್ತೆ ಅಂತ ನಾನು ಬೇರೆ ಉತ್ತರ ಈಗಾಗ್ಲೇ ಅಂಚೆಗೆ ಹಾಕಿದೀನಿ, ಅಷ್ಟು ಮುಖ್ಯ ಇದು.

ಬಿಂಬುಳೀಲಿ ಆಕ್ಸಲೇಟ್ ಅನ್ನೋದು ಸಿಕ್ಕಾಪಟ್ಟೆ ಇದೆ. ಚಟ್ನಿಗೆ ಎರಡು ಕಾಯಿ ಹಾಕಿದ್ರೆ ಏನಾಗಲ್ಲ, ಆದ್ರೆ ಒಂದು ಗ್ಲಾಸ್ ರಸ ಬೇಕಂದ್ರೆ ಎಷ್ಟು ಕಾಯಿ ಬೇಕು ಅಂತ ನೀವೇ ಲೆಕ್ಕ ಹಾಕಿ, ಒಂದು ಬುಟ್ಟಿ. ಅಷ್ಟೂ ಆಕ್ಸಲೇಟ್ ಖಾಲಿ ಹೊಟ್ಟೆಯಿಂದ ಸೀದಾ ರಕ್ತಕ್ಕೆ ಹೋಗಿ, ಕಿಡ್ನಿಯ ಸಣ್ಣ ನಳಿಕೆಗಳಲ್ಲಿ ಕ್ಯಾಲ್ಸಿಯಂ ಜೊತೆ ಸೇರಿ ಹರಳು ಕಟ್ಟಿ ಕೂರುತ್ತೆ, ಸ್ನಾನದ ಮನೆ ಪೈಪಲ್ಲಿ ಬೋರ್‌ವೆಲ್ ನೀರಿನ ಬಿಳಿ ಕಟ್ಟುತ್ತಲ್ಲ ಹಾಗೆ, ಆದ್ರೆ ಅದಕ್ಕೆ ವರ್ಷ ಬೇಕು, ಇದಕ್ಕೆ ದಿನ ಸಾಕು. ಇದು ಊಹೆ ಅಲ್ಲ. ಕೇರಳದಲ್ಲಿ ಹೀಗೇ ಕೊಲೆಸ್ಟ್ರಾಲ್ ಇಳಿಸೋಕೆ ಬಿಂಬುಳಿ ರಸ ಕುಡಿದು ಕಿಡ್ನಿ ಕೆಟ್ಟ 10 ಜನರ ವಿವರ 2013ರಲ್ಲಿ ಕಿಡ್ನಿ ಡಾಕ್ಟರ್‌ಗಳು ಬರೆದಿದ್ರು, ಅವರಲ್ಲಿ 7 ಜನಕ್ಕೆ ಡಯಾಲಿಸಿಸ್ ಮಾಡ್ಬೇಕಾಯ್ತು. ಪುಣ್ಯಕ್ಕೆ ಎಲ್ರೂ ಚೇತರಿಸ್ಕೊಂಡ್ರು. ನಿಮ್ಮ ಭಾವನ್ನ ಕರ್ಕೊಂಡು ಹೋಗಿ ಕಿಡ್ನಿ ಹೇಗಿದೆ ಅಂತ ತಿಳಿಸೋ ಕ್ರಿಯಾಟಿನಿನ್ ರಕ್ತ ಟೆಸ್ಟ್ ಮಾಡಿಸಿ, ಮೂತ್ರ ಕಮ್ಮಿ ಆಗಿದ್ರೆ ಅಥವಾ ಬೆನ್ನು ಪಕ್ಕೆ ನೋವಿದ್ರೆ ನಾಳೆ ಅನ್ಬೇಡಿ.

ಇದರ ಅಣ್ಣ ದಾರೆಹುಳಿ, ಹೆಚ್ಚಿದ್ರೆ ನಕ್ಷತ್ರ ತರ ಕಾಣುತ್ತಲ್ಲ ಅದು. ಇಲ್ಲಿ ಸ್ಕೂಲ್ ಹೊರಗೆ ಉಪ್ಪು ಖಾರ ಹಚ್ಚಿ ಮಾರ್ತಾರೆ, ಮಕ್ಕಳು ಒಂದೆರಡು ಹೋಳು ತಿಂದ್ರೆ ಪರವಾಗಿಲ್ಲ. ಆದ್ರೆ ಮನೇಲಿ ಡಯಾಲಿಸಿಸ್ ಮೇಲಿರೋರು ಇದ್ರೆ ಅವರಿಗೆ ಒಂದು ಹೋಳೂ ಬೇಡ. ಅದರಲ್ಲಿರೋ ಒಂದು ವಿಷ ಕಿಡ್ನಿ ಸರಿ ಇಲ್ದಿದ್ರೆ ಹೊರಗೆ ಹೋಗಲ್ಲ, ತಲೆಗೆ ಹತ್ತುತ್ತೆ. ಮೊದ್ಲು ನಿಲ್ಲದ ಬಿಕ್ಕಳಿಕೆ ಶುರುವಾಗುತ್ತೆ, ಆಮೇಲೆ ಗೊಂದಲ, ಫಿಟ್ಸ್. ಯಾರೋ ನೆನಪು ಮಾಡ್ಕೊಂಡಿದಾರೆ ಅಂತ ನೀರು ಕುಡಿಸಿ ಕೂರಿಸೋ ಬಿಕ್ಕಳಿಕೆ ಅಲ್ಲ ಅದು.

ಪ್ರಶ್ನೆ: ನನಗೆ 61, ಶುಗರ್ ಇದೆ. ಕೋಕಮ್ ಶರಬತ್ತು ಶುಗರ್‌ಗೂ ಒಳ್ಳೇದು, ಆಸಿಡಿಟಿಗೂ ಒಳ್ಳೇದು ಅಂತ ಸೊಸೆ ದಿನಾ ಎರಡು ಗ್ಲಾಸ್ ಕೊಡ್ತಾಳೆ. ಬಾಟ್ಲಿದು. ಕೋಕಮ್ ಮತ್ತು ನಮ್ಮ ಪುನರ್ಪುಳಿ ಒಂದೇನಾ? (ಡೊಂಬಿವಲಿ)

ಒಂದೇ. ಪುನರ್ಪುಳಿ, ಮುರುಗಲು, ಕೋಕಮ್ ಎಲ್ಲಾ ಒಂದೇ ಹಣ್ಣು, ಗೋವಾದವರು ಭಿಂಡಾ ಅಂತಾರೆ, ರತ್ನಾಗಿರಿ ಕಡೆ ತಾಜಾ ಹಣ್ಣಿಗೆ ರಾತಂಬಾ, ಒಣಗಿಸಿದ್ದಕ್ಕೆ ಆಮ್ಸೂಲ್. ಉಪ್ಪಾಗೆಗೆ ದಾಯಾದಿ. ಉಪ್ಪಾಗೆ ಹಳದಿ, ಗೆರೆ ಗೆರೆ, ಮಳೆಗಾಲದ್ದು. ಕೋಕಮ್ ಉರುಟು, ನೇರಳೆ ಕೆಂಪು, ಬೇಸಿಗೇದು, ಅದಕ್ಕೇ ಬಿಸಿಲಲ್ಲೇ ಒಣಗುತ್ತೆ, ಹೊಗೆ ಬೇಡ. ಎಚ್‌ಸಿಎ ಇದರಲ್ಲೂ ಇದೆ, ಹಾಗಾಗಿ ಕೋಕಮ್ ಎಕ್ಸ್‌ಟ್ರಾಕ್ಟ್ ಕ್ಯಾಪ್ಸೂಲ್ ಅಂತ ಯಾರಾದ್ರೂ ಬಂದ್ರೆ ಮೇಲಿನ ಉತ್ತರಾನೇ ಓದ್ಕೊಳ್ಳಿ.

ಸೊಸೆ ಪ್ರೀತಿಗೆ ತಪ್ಪು ಹೇಳಲ್ಲ, ಬಾಟ್ಲಿಗೆ ಹೇಳ್ತೀನಿ. ಶರಬತ್ತಿನ ಸಿರಪ್ ಅಂದ್ರೆ ಕೋಕಮ್‌ಗಿಂತ ಸಕ್ಕರೆನೇ ಜಾಸ್ತಿ. ಸಾಂಪ್ರದಾಯಿಕವಾಗಿ ಮಾಡೋದೂ ಹಾಗೇ, ಹಣ್ಣಿನ ಬಟ್ಟಲಿಗೆ ಸಕ್ಕರೆ ತುಂಬಿ ಭರಣೀಲಿ ಬಿಸಿಲಿಗಿಡೋದು, ಅದು ಕರಗಿ ಬರೋದೇ ಅಮೃತ ಕೋಕಮ್. ರುಚಿಗೆ ಎರಡು ಮಾತಿಲ್ಲ, ಆದ್ರೆ ಶುಗರ್ ಇರೋರಿಗೆ ದಿನಾ ಎರಡು ಗ್ಲಾಸ್ ಅಂದ್ರೆ ಜಿಲೇಬಿ ಕರಗಿಸಿ ಕುಡಿದ ಹಾಗೇನೇ.

ಬದಲಿಗೆ ಹೀಗೆ ಮಾಡಿ. ಐದಾರು ಆಮ್ಸೂಲ್ ತೊಳೆದು ಒಂದು ಲೋಟ ಬೆಚ್ಚನೆ ನೀರಿಗೆ ಹಾಕಿ ಅರ್ಧ ಗಂಟೆ ಬಿಡಿ, ಕೈಯಲ್ಲಿ ಕಿವುಚಿ ಸೋಸಿ, ಇನ್ನೆರಡು ಲೋಟ ತಣ್ಣೀರು ಸೇರಿಸಿ, ಹುರಿದ ಜೀರಿಗೆ ಪುಡಿ ಚಿಟಿಕೆ, ಉಪ್ಪು ನೋಡ್ಕೊಂಡು. ಆಮ್ಸೂಲ್‌ನಲ್ಲೇ ಉಪ್ಪಿರುತ್ತೆ ಅನ್ನೋದು ಮರೀಬೇಡಿ. ಅಂಗಡೀಲಿ ಆಗಳ್ ಅಂತ ಕಡು ಕೆಂಪು ರಸ ಸಿಗುತ್ತೆ, ಸಕ್ಕರೆ ಇಲ್ಲ ಅಂತ ಖುಷಿಯಾಗಿ ತರ್ತೀರಿ, ಅದು ಉಪ್ಪಲ್ಲೇ ಇಟ್ಟ ರಸ, ಬಿಪಿ ಇರೋರು ಚಮಚದಲ್ಲಿ ಅಳೆದು ಹಾಕಿ. ಪಾತ್ರೆ ಸ್ಟೀಲ್ ಅಥವಾ ಗಾಜಿಂದೇ ಇರ್ಲಿ, ಅಲ್ಯೂಮಿನಿಯಂ ಹಿತ್ತಾಳೆ ಬೇಡ.

ಆಸಿಡಿಟಿಗೆ? ಊಟದ ಜೊತೆ ಕೋಕಮ್ ಹಾಕಿ ಮಾಡೋ ಸೋಲ್‌ಕಢಿ ಕುಡಿದ್ರೆ ಹೊಟ್ಟೆ ಹಗುರ ಅನ್ಸೋದು ನನಗೂ ಅನುಭವ ಇದೆ, ತೆಂಗಿನ ಹಾಲು, ಬೆಳ್ಳುಳ್ಳಿ, ಹಸಿಮೆಣಸು ಎಲ್ಲಾ ಸೇರಿ ಅದರದ್ದೇ ಒಂದು ಸುಖ. ಆದ್ರೆ ಎದೆ ಉರಿ ಇದ್ದು ಹುಳಿ ಗಂಟಲಿಗೆ ಬರೋರಿಗೆ ಇನ್ನೊಂದು ಹುಳಿ ಕೊಟ್ರೆ ಕೆಲವರಿಗೆ ಜಾಸ್ತಿನೇ ಆಗುತ್ತೆ. ಕುಡಿದು ನೋಡಿ, ಉರಿದ್ರೆ ಬಿಡಿ. ಮೈ ಮೇಲೆ ಪಿತ್ತದ ಗುಳ್ಳೆ ಎದ್ದಾಗ ಕೋಕಮ್ ನೀರು ಹಚ್ಚೋ ರೂಢಿ ಇದೆ, ಅಮ್ಮ ನಮಗೂ ಹಚ್ತಿದ್ಲು, ತಂಪಾಗೋದು ನಿಜ, ಆದ್ರೆ ಗುಳ್ಳೆ ಜೊತೆ ತುಟಿ ಊದಿದ್ರೆ, ಉಸಿರು ಕಟ್ಟಿದ ಹಾಗಾದ್ರೆ ಕೋಕಮ್ ಹುಡುಕ್ತಾ ಕೂರ್ಬೇಡಿ, ಆಸ್ಪತ್ರೆಗೆ ಓಡಿ.

ಹೋಟೆಲ್ ಸೋಲ್‌ಕಢಿ ಗುಲಾಬಿ ಬಣ್ಣ ನೋಡಿ ಅನುಮಾನ ಬಂದ್ರೆ ಸ್ವಲ್ಪ ಪಾರ್ಸೆಲ್ ತಂದು ಅಡುಗೆ ಸೋಡಾ ಒಂದು ಚಿಟಿಕೆ ಹಾಕಿ ಕಲಸಿ. ಕೋಕಮ್‌ನ ಸಹಜ ಬಣ್ಣ ಆದ್ರೆ ಗುಲಾಬಿ ಹೋಗಿ ಬೂದು ನೀಲಿಗೆ ತಿರುಗುತ್ತೆ. ಎಷ್ಟು ಹಾಕಿದ್ರೂ ಅದೇ ಗುಲಾಬಿ ಹಲ್ಲು ಕಿರೀತಾ ಇದ್ರೆ ಮುಂದಿನ ಸಲ ಬೇರೆ ಹೋಟೆಲ್.

ಪ್ರಶ್ನೆ: ನಮ್ಮ ನಾದಿನಿ ನೋನಿ ಜ್ಯೂಸ್ ಏಜೆನ್ಸಿ ತಗೊಂಡಿದಾಳೆ. ಶುಗರ್, ಮಂಡಿನೋವು, ಕ್ಯಾನ್ಸರ್, ಕಿಡ್ನಿ ಎಲ್ಲಕ್ಕೂ ಇದೇ ಅಂತಾಳೆ. ನಮ್ಮ ಮಾವನಿಗೆ ಕಿಡ್ನಿ ವೀಕ್ ಇದೆ, ಕ್ರಿಯಾಟಿನಿನ್ 3. ಕೊಡೋಣ್ವಾ? (ಠಾಣೆ)

ಬೇಡ. ನೋನಿ ಜ್ಯೂಸ್‌ನಲ್ಲಿ ಪೊಟ್ಯಾಸಿಯಂ ಕಿತ್ತಳೆ ರಸದಷ್ಟೇ ಇದೆ. ಡಾಕ್ಟರ್ ಮಾವನಿಗೆ ಎಳನೀರು, ಕಿತ್ತಳೆ ಬೇಡ ಅಂದಿರ್ತಾರೆ ನೋಡಿ, ಅದೇ ಕಾರಣಕ್ಕೆ ಇದೂ ಬೇಡ. ಕಿಡ್ನಿ ಹೊರಗೆ ಹಾಕದ ಪೊಟ್ಯಾಸಿಯಂ ರಕ್ತದಲ್ಲಿ ಏರಿದ್ರೆ ಹೃದಯದ ಬಡಿತಾನೇ ತಪ್ಪುತ್ತೆ. ನೋನಿ ಕುಡಿದು ಲಿವರ್ ಕೆಟ್ಟ ಕೇಸುಗಳೂ ಇವೆ. ಆರೋಗ್ಯವಾಗಿರೋರು ಒಂದೆರಡು ಚಮಚ ಕುಡಿದ್ರೆ ಆಕಾಶ ಬೀಳಲ್ಲ, ಆದ್ರೆ ಆ ಹಣ್ಣಿನ ವಾಸನೆ ಒಂದ್ಸಲ ಮೂಸಿ ನೋಡಿದೋರು ದುಡ್ಡು ಕೊಟ್ಟು ಯಾಕೆ ಕುಡೀತಾರೆ ಅನ್ನೋದೇ ನನಗರ್ಥ ಆಗಿಲ್ಲ. ಮತ್ತೆ ಶುಗರ್‌ಗೂ ಕ್ಯಾನ್ಸರ್‌ಗೂ ಮಂಡಿನೋವಿಗೂ ಒಂದೇ ಬಾಟ್ಲಿ ಅಂತ ಯಾರೇ ಹೇಳಿದ್ರೂ, ನಾದಿನಿ ಆದ್ರೂ ಸರಿ, ಚಹಾ ಕೊಟ್ಟು ಕಳಿಸಿ. ಸಂಬಂಧ ಹಾಳಾಗ್ಬಾರ್ದು ಅಂದ್ರೆ ಡಾಕ್ಟರ್ ಪೊಟ್ಯಾಸಿಯಂ ಬೇಡ ಅಂದಿದಾರೆ ಅಂತ ಅವರ ಮೇಲೆ ಹಾಕ್ಬಿಡಿ, ಸುಳ್ಳೂ ಅಲ್ಲ.

ಪ್ರಶ್ನೆ: ಹಿಮ್ಮಡಿ ಒಡೆದು ರಕ್ತ ಬರುತ್ತೆ. ಕೋಕಮ್ ಎಣ್ಣೆ ಹಚ್ಚಿ ಅಂತ ಮಾಲ್ವಣದ ಪಕ್ಕದ ಮನೆಯವರು ಬಿಳಿ ಮೊಟ್ಟೆ ತರದ ಗಟ್ಟಿ ಉಂಡೆ ಕೊಟ್ರು. ಎಣ್ಣೆ ಅಂತಾರೆ, ಕಲ್ಲಿನ ತರ ಇದೆ. ಹೆಂಗೆ ಹಚ್ಚೋದು? (ಕಲ್ಯಾಣ್)

ನಿಮ್ಮ ಪಕ್ಕದ ಮನೆಯವರನ್ನ ಚೆನ್ನಾಗಿ ನೋಡ್ಕೊಳ್ಳಿ. ಅದು ಮುರುಗಲ ತುಪ್ಪ, ಬೀಜದಿಂದ ತೆಗೆಯೋದು, ಸುಮಾರು 40 ಡಿಗ್ರಿಗೆ ಕರಗುತ್ತೆ, ಅದಕ್ಕೇ ಮುಂಬೈ ಬೇಸಿಗೇಲೂ ಗಟ್ಟಿ. ಚಾಕುವಿಂದ ಚೂರು ಕೆರೆದು ಸೌಟಲ್ಲಿ ಹಾಕಿ ದೀಪದ ಮೇಲೆ ಹಿಡಿದ್ರೆ ಕರಗುತ್ತೆ, ಉಗುರು ಬೆಚ್ಚಗಾದ್ಮೇಲೆ ಕಾಲು ತೊಳೆದು ಒರೆಸಿ ಹಚ್ಚಿ ಸಾಕ್ಸ್ ಹಾಕ್ಕೊಂಡು ಮಲಗಿ. ಬಿರುಕೊಳಗೆ ಕೂತು ಗಟ್ಟಿಯಾಗಿ ನೀರಿನಂಶ ಹೊರಗೆ ಹೋಗದ ಹಾಗೆ ತಡೆಯುತ್ತೆ. ಈ ವಿಷ್ಯದಲ್ಲಿ ನನ್ನದೇನೂ ತಕರಾರಿಲ್ಲ. ಶುಗರ್ ಇದ್ದು ಬಿರುಕು ಆಳ ಇದ್ರೆ, ಕೀವು ಇದ್ರೆ ಮಾತ್ರ ಡಾಕ್ಟರ್‌ಗೆ ತೋರಿಸಿ.

ಪ್ರಶ್ನೆ: ನೀವು ಯಾವಾಗ್ಲೂ ನ್ಯಾಚುರಲ್ ವಸ್ತುಗಳನ್ನ ಬೈತೀರಿ. ನಮ್ಮ ಅಜ್ಜ 94 ವರ್ಷ ಬದುಕಿದ್ರು, ಒಂದು ಮಾತ್ರೆ ನುಂಗಿಲ್ಲ, ದಿನಾ ಹುಳಿ ಹಣ್ಣು ತಿಂದೇ ಬದುಕಿದ್ದು. ಕಂಪನಿಗಳ ಪರ ಬರೀತೀರಾ? (ಪುಣೆ)

ಕಂಪನಿ ಡಬ್ಬಿ ತಗೋಬೇಡಿ ಅಂತಾನೇ ಅರ್ಧ ಪುಟ ಬರ್ದಿದೀನಿ, ಇನ್ನು ಯಾವ ಕಂಪನಿ ಪರ ಅಂತ ನೀವೇ ಹೇಳಿ! ನಿಮ್ಮ ಅಜ್ಜನ ಬಗ್ಗೆ ನನಗೆ ಗೌರವ ಇದೆ, ಅವರು ಮಾಡಿದ್ದನ್ನೇ ಮಾಡಿ ಅಂತ ನಾನೂ ಹೇಳೋದು. ಅವರು ಹುಳಿ ತಿಂದ್ರು, ಸರಿ, ಆ ಹುಳಿ ಕೀಳೋಕೆ ಗುಡ್ಡ ಹತ್ತಿದ್ರು, ಇಳಿದ್ರು, ತೋಟಕ್ಕೆ ನೀರು ಹೊತ್ರು, ರಾತ್ರಿ ಎಂಟಕ್ಕೆ ಗಂಜಿ ಉಂಡು ಮಲಗಿದ್ರು. ಅವರೇನು ಕೂತಲ್ಲೇ ಕೂತು ಮೂರು ಹೊತ್ತು ಬಾಟ್ಲಿಯಿಂದ ಎಣಿಸಿ ನುಂಗ್ಲಿಲ್ಲ. ಆ ಕ್ಯಾಪ್ಸೂಲ್ ಪುಡಿ ಯಾವ ಅಜ್ಜನ ಕಾಲದಲ್ಲೂ ಇರ್ಲಿಲ್ಲ, ಅದು ನಿಮ್ಮ ಮೊಬೈಲ್‌ನಷ್ಟೇ ಹೊಸದು. ಮತ್ತೆ ಬಿಂಬುಳಿ ರಸಾನೂ ನೂರಕ್ಕೆ ನೂರು ನ್ಯಾಚುರಲ್ಲೇ, ಅದು ಕಿಡ್ನಿಗೆ ಗೊತ್ತಿಲ್ಲ. ಸಿಟ್ಟಿಂದ ಆದ್ರೂ ಪತ್ರ ಬರೆದ್ರಲ್ಲ, ಥ್ಯಾಂಕ್ಸ್, ಅಕ್ಷರ ಚೆನ್ನಾಗಿದೆ.

ಪ್ರಶ್ನೆ: ಅಂಕೋಲಾದಿಂದ ಅತ್ತೆ ಎರಡು ಕಿಲೋ ಉಪ್ಪಾಗೆ ಸಿಪ್ಪೆ ಕಳಿಸಿದಾರೆ. ನಾನು ಬಯಲುಸೀಮೆಯವಳು, ಕಪ್ಪಗೆ ಹಳೇ ಚಪ್ಪಲಿ ತರ ಇದೆ, ಮೇಲೆ ಅಲ್ಲಲ್ಲಿ ಬಿಳಿ. ಬೂಸ್ಟಾ? ಬಿಸಾಕೋಕೆ ಮನಸ್ಸಿಲ್ಲ, ಅತ್ತೆ ಕೇಳ್ತಾರೆ. (ಘಾಟ್ಕೋಪರ್)

ಬೆರಳಿಂದ ಉಜ್ಜಿ ನೋಡಿ. ಹರಳು ಹರಳಾಗಿ ಉದುರಿ ನಾಲಿಗೆಗೆ ಉಪ್ಪುಪ್ಪಾದ್ರೆ ಅದು ಉಪ್ಪು, ಇಡೋಕೆ ಅಂತ ಹಚ್ಚಿರ್ತಾರೆ. ಹತ್ತಿ ತರ ಮೆತ್ತಗೆ, ಹಸಿರು ಛಾಯೆ, ಮುಗ್ಗಲು ವಾಸನೆ ಇದ್ರೆ ಬೂಸ್ಟು, ಆ ಚೂರುಗಳು ಮಾತ್ರ ಅಲ್ಲ ಅದರ ಸುತ್ತ ಇದ್ದವನ್ನೂ ಬಿಸಾಕಿ, ನಾಲಿಗೆಗೆ ಇಟ್ಟು ನೋಡೋದು ಬೇಡ, ಮೊದ್ಲು ಮೂಸಿ. ಚೆನ್ನಾಗಿರೋದಕ್ಕೆ ಒಂದಿಷ್ಟು ಕಲ್ಲುಪ್ಪು, ಎರಡು ಚಮಚ ಕೊಬ್ಬರಿ ಎಣ್ಣೆ ಸವರಿ ಗಾಜಿನ ಭರಣೀಲಿ ಹಾಕಿ ಬಿಗಿ ಮುಚ್ಚಿ, ಒದ್ದೆ ಕೈ ಹಾಕ್ಬೇಡಿ, ಮುಂಬೈ ಮಳೆಗೆ ಪ್ಲಾಸ್ಟಿಕ್ ಚೀಲದಲ್ಲಿಟ್ರೆ ಹದಿನೈದು ದಿನ ತಡೆಯಲ್ಲ. ಬಳಸೋವಾಗ ಎರಡು ಚೂರು ತೊಳೆದು ಹತ್ತು ನಿಮಿಷ ಬಿಸಿ ನೀರಲ್ಲಿ ನೆನೆಸಿ, ಬಂಗಡೆ ಸಾರಿಗೆ ನೀರು ಸಮೇತ ಹಾಕಿ. ಮೀನು ತಿನ್ನದವರಾದ್ರೆ ತೊಗರಿಬೇಳೆ ಸಾರಿಗೆ ಹುಣಸೆಹಣ್ಣಿನ ಬದ್ಲು ಹಾಕಿ, ಬೆಲ್ಲ ಒಂದು ಚೂರು ಜಾಸ್ತಿ. ಸಾರು ಮಾರನೇ ದಿನಕ್ಕೆ ಇನ್ನೂ ರುಚಿ ಆಗುತ್ತೆ.

ಎರಡು ಕಿಲೋ ನಿಮಗೆ ಮೂರು ವರ್ಷ ಬರುತ್ತೆ. ಅಷ್ಟು ಬೇಡ ಅನ್ಸಿದ್ರೆ ಅರ್ಧ ಕಿಲೋ ಪತ್ರಿಕೆ ವಿಳಾಸಕ್ಕೆ ನನ್ನ ಹೆಸರಲ್ಲಿ ಹಾಕಿ, ಅಂಚೆ ಖರ್ಚು ನಂದು. ಅತ್ತೆಗೆ ಹೇಳ್ಬೇಡಿ.